ಕೆಂಗಲ್ ಸೀಮೆಯ ಗರಡಿಯ ಸಾಮು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಸೇರುವುದಕ್ಕೆ ಮುಂಚೆ ದೊರೆಯುವ ಕೆಂಗಲ್ ಎಂಬ ಸ್ಥಳವನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಕೆಲವರಿಗೆ ಅದು ವಿಧಾನಸೌಧವನ್ನು ಕಟ್ಟಿಸಿದ ಹನುಮಂತಯ್ಯನವರ ಹೆಸರಿನೊಡನೆ ಪರಿಚಿತವಾದದ್ದು. ಬೇಸಾಯಗಾರರಿಗೆ ಸಂಕ್ರಾಂತಿಯ ಆಸುಪಾಸಿನಲ್ಲಿ ನೆರೆಯುವ ದನಗಳ ಜಾತ್ರೆಯಿಂದ. ಭಕ್ತರಿಗೆ ಕೆಂಪು ಕಲ್ಲಿನ ಆಂಜನೇಯಸ್ವಾಮಿಯಿಂದ. ಈ ಮೂರರಲ್ಲಿ ಕಡೆಯದು ಪ್ರಕೃತ ವಿಷಯಕ್ಕೆ ಹತ್ತಿರವಾದದ್ದು. ಊರೂರುಗಳಲ್ಲಿ ಪ್ರಾಣದೇವರನ್ನು ಪ್ರತಿಷ್ಠೆ ಮಾಡಿದ ವ್ಯಾಸರಾಯರ ಗುರುಗಳು ಬ್ರಹ್ಮಣ್ಯತೀರ್ಥರು. ಅವರ ಅಬ್ಬೂರು ಚನ್ನಪಟ್ಟಣಕ್ಕೆ ದೂರವಲ್ಲ. ಹನುಮಂತನಿಗೆ ಈ ಭಾಗದಲ್ಲಿ ಇರುವ ಮನ್ನಣೆ ಗುಡಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಗುಡಿಯಿಲ್ಲದ ಬೀದಿಯಲ್ಲಿಯೂ ಒಂದು ಗರಡಿಯ ಮನೆಯಿದ್ದರೆ ಅದರ ಗೋಡೆಯ ಗೂಡಿನಲ್ಲಿ ಆತನು ಇದ್ದೇ ಇರುತ್ತಿದ್ದನು.

ಆ ಗರಡಿಯ ಚರಿತ್ರೆಯನ್ನು ಕುರಿತು ಎರಡು ಮಾತು ಬರೆಯಬೇಕೆಂಬುದು ಈ ಲೇಖನದ ಉದ್ದೇಶ. ದಸರೆಯ ದಿನ ಅರಮನೆಯಲ್ಲಿ ಜಟ್ಟಿಗಳು ಕಾದುವುದನ್ನು ವರ್ಣಿಸಿದ ಬರೆಹಗಳು ಸಾಕಷ್ಟಿವೆ. ಆ ಕಾಳಗವು ಅನೇಕ ವೇಳೆ ಒಂದು ನಿಮಿಷವನ್ನೂ ಮೀರುವುದಿಲ್ಲ. ಆ ಒಂದು ನಿಮಿಷಕ್ಕೆ ಮೈಯನ್ನು ಅಣಿಮಾಡುವ ವರ್ಷಗಳ ಸಾಮನ್ನು, ಬೆಳಗಿನ ಜಾವದ ಎಣ್ಣೆಯನ್ನು, ಮಣ್ಣಿನ ಹದವನ್ನು, ಗುರುವಿನ ಕಣ್ಣನ್ನು ಬರೆದಿಟ್ಟವರು ಬಹಳ ಕಡಮೆ. ರಕ್ತವನ್ನು ನೋಡಲು ಜನ ಸೇರುವರು. ಬೆವರನ್ನು ನೋಡಲು ಯಾರೂ ಬರುವುದಿಲ್ಲ. ಚರಿತ್ರಕಾರರೂ ಈ ವಿಷಯದಲ್ಲಿ ಜನರಂತೆಯೇ ನಡೆದುಕೊಂಡಿದ್ದಾರೆ ಎಂದು ಹೇಳದೆ ವಿಧಿಯಿಲ್ಲ.

ಮೊದಲು ಮಾತಿನ ವಿಚಾರ. ಗರಡಿ ಎಂಬುದು ಹಳೆಯ ಗ್ರಂಥಗಳಲ್ಲಿ ಗರುಡಿ ಎಂದಿರುತ್ತದೆ. ಅದಕ್ಕೆ ಆಯುಧವಿದ್ಯೆಯನ್ನು ಕಲಿಸುವ ಶಾಲೆ ಎಂಬ ಅರ್ಥವೂ ಉಂಟು. ತುಳುನಾಡಿನಲ್ಲಿ ಕೋಟಿ ಚೆನ್ನಯರನ್ನು ಆರಾಧಿಸುವ ಸ್ಥಾನಗಳಿಗೆ ಇಂದಿಗೂ ಗರಡಿಯೆಂದೇ ಹೆಸರು. ಅಲ್ಲಿ ಸಾಮಿನ ಮನೆಯು ದೈವದ ಮನೆಯಾಗಿಬಿಟ್ಟಿದೆ. ನಮ್ಮ ಕಡೆ ಅದು ಕುಸ್ತಿಯ ಮನೆಯಾಗಿ ಉಳಿಯಿತು. ಜಟ್ಟಿ ಎಂಬ ಮಾತನ್ನು ಜ್ಯೇಷ್ಠಿ ಎಂಬುದರ ತದ್ಭವವೆಂದು ಹೇಳುವರು. ಈ ಎರಡು ಮಾತುಗಳ ಪಕ್ಕದಲ್ಲಿ ಪೈಲ್ವಾನ್, ಉಸ್ತಾದ್, ಕುಸ್ತಿ ಎಂಬ ಪಾರಸಿಯ ಮಾತುಗಳನ್ನು ಇಟ್ಟುಕೊಂಡು, ಅವುಗಳ ಆಚೆಗೆ ಈಗಿನ ಹುಡುಗರು ಹೇಳುವ ಜಿಮ್ ಎಂಬುದನ್ನೂ ಸೇರಿಸಿದರೆ, ಒಂದೇ ವಿದ್ಯೆಯ ಮೇಲೆ ಹಾದುಹೋದ ಕಾಲಗಳು ಹಳೆಯ ಗೋಡೆಯ ಸುಣ್ಣದ ಪದರಗಳಂತೆ ಕಾಣಿಸುತ್ತವೆ.

ಈ ವಿದ್ಯೆಯನ್ನು ಕ್ರಮವಾಗಿ ಬರೆದಿಟ್ಟ ಹಳೆಯ ಗ್ರಂಥವು ಕರ್ಣಾಟಕದಲ್ಲಿಯೇ ಹುಟ್ಟಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಕಲ್ಯಾಣದ ಚಾಳುಕ್ಯನಾದ ಮೂರನೆಯ ಸೋಮೇಶ್ವರನು (ಆಳ್ವಿಕೆ ೧೧೨೬–೧೧೩೮) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ತೆರನಾಗಿ ವಿಂಗಡಿಸಿದೆ. ಅರಸನು ನೋಡಿ ಆನಂದಿಸಬೇಕಾದ ವಿನೋದವೊಂದನ್ನು ಹೇಳಹೊರಟ ಗ್ರಂಥಕಾರನು ಕಾಳಗವನ್ನು ವರ್ಣಿಸಿ ಮುಗಿಸಬಹುದಾಗಿತ್ತು. ಹಾಗೆ ಮಾಡದೆ ಮಲ್ಲರ ಆಹಾರವನ್ನೂ ಅವರ ಶ್ರಮವನ್ನೂ ಹೇಳಿದ್ದಾನೆ. ಭಾರಶ್ರಮವೆಂದರೆ ತೂಕವನ್ನು ಎತ್ತುವುದು, ಭ್ರಮಣಶ್ರಮವೆಂದರೆ ನಡೆದಾಟ, ಸಲಿಲಶ್ರಮವೆಂದರೆ ನೀರಿನಲ್ಲಿ ಈಜಾಟ, ಬಾಹುಪೆಲ್ಲನವೆಂದರೆ ತೋಳಿಗೆ ತೋಳನ್ನು ಒತ್ತಿ ಮಾಡುವ ಅಭ್ಯಾಸ, ಸ್ತಂಭಶ್ರಮವೆಂದರೆ ಕಂಬದ ಮೇಲಣ ಸಾಮು. ಈ ಕಡೆಯದು ನಾವು ಮಲ್ಲಕಂಬವೆಂದು ಬಲ್ಲ ವಿದ್ಯೆಗೆ ಪೂರ್ವಜನೆಂದು ಊಹಿಸಲು ಕಷ್ಟವಿಲ್ಲ. ಕೆಚ್ಚನ್ನು, ಉಸಿರನ್ನು, ತೋಳಿನ ಹಿಡಿತವನ್ನು, ಮೈಯ ಹಗುರತೆಯನ್ನು ಬೇರೆಬೇರೆಯಾಗಿ ಬೆಳಸಬೇಕೆಂಬ ತಿಳಿವಳಿಕೆ ಒಂಬೈನೂರು ವರ್ಷಗಳ ಹಿಂದೆ ಇತ್ತೆಂಬುದಕ್ಕೆ ಈ ಐದು ಹೆಸರುಗಳೇ ಸಾಕ್ಷಿ. ಈಗಿನ ವ್ಯಾಯಾಮಶಾಸ್ತ್ರಜ್ಞರು ಇದೇ ವಿಂಗಡಣೆಯನ್ನು ಬೇರೆ ಹೆಸರಿನಿಂದ ಹೇಳುತ್ತಾರೆ. ಅದಕ್ಕೆ ಶುಲ್ಕವನ್ನೂ ತೆಗೆದುಕೊಳ್ಳುತ್ತಾರೆ.

ನಾಲ್ಕು ಶತಮಾನಗಳ ಬಳಿಕ ವಿಜಯನಗರಕ್ಕೆ ಬಂದ ಪೋರ್ಚುಗೀಸರು ಕಂಡದ್ದು ಮಹಾನವಮಿಯನ್ನು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೋ ಪಾಯಸನು ಅಲ್ಲಿಯ ಮಲ್ಲರ ಕಾಳಗವು ತನ್ನ ದೇಶದ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಹೊಡೆತಗಳು ಬೀಳುವುವೆಂದೂ, ಮಾತು ನಿಂತುಹೋದವರನ್ನು ಸ್ನೇಹಿತರು ಹೊತ್ತುಕೊಂಡು ಹೋಗುವರೆಂದೂ ಬರೆದಿದ್ದಾನೆ. ಸಮಬಲರನ್ನು ಜೊತೆಗೂಡಿಸುವ ನಾಯಕರೂ ತೀರ್ಪುಗಾರರೂ ಇದ್ದರೆಂಬುದನ್ನು ಸೇರಿಸಲು ಅವನು ಮರೆತಿಲ್ಲ. ಇಂದಿಗೂ ನಮ್ಮಲ್ಲಿ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಪದ್ಧತಿಯನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ಅವನ ತರುವಾಯ ಬಂದ ನೂನಿಜನು ಅರಸನ ಸಂಬಳದಲ್ಲಿ ಒಂದು ಸಾವಿರ ಮಲ್ಲರಿದ್ದರೆಂದೂ, ಅವರು ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಗಾಯಪಡಿಸುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ವಸ್ತ್ರ ದೊರೆಯುತ್ತಿತ್ತೆಂದೂ ಹೇಳುತ್ತಾನೆ. ಗೆದ್ದವನಿಗಲ್ಲ, ಹೆಚ್ಚು ನೊಂದವನಿಗೆ! ಇದು ಸೋಲು ಗೆಲುವುಗಳ ಆಟವಾಗಿರದೆ ದೇವಿಗೆ ಸಲ್ಲಿಸುವ ಒಂದು ಬಲಿಯ ರೂಪವಾಗಿತ್ತೆಂದು ನನಗೆ ತೋರುತ್ತದೆ. ಮೈಸೂರಿನ ವಜ್ರಮುಷ್ಟಿಯ ಕಾಳಗದ ಮೂಲವನ್ನು ಈ ಮೊನೆಬಳೆಗಳಲ್ಲಿ ಕಾಣುವುದು ಯುಕ್ತವಾದದ್ದು.

ಆದರೆ ಪಾಯಸನು ಬರೆದ ಇನ್ನೊಂದು ಸಂಗತಿ ನಮಗೆ ಹೆಚ್ಚು ಬೆಲೆಯುಳ್ಳದ್ದು. ಕೃಷ್ಣದೇವರಾಯನು ದಿನವೂ ಬೆಳಗಾಗುವುದಕ್ಕೆ ಮುಂಚೆ ಮುಕ್ಕಾಲು ಪಿಂಟಿನಷ್ಟು, ಅಂದರೆ ಈಗಿನ ಅಳತೆಯಲ್ಲಿ ೪೦೦ ಮಿಲಿಲೀಟರಿಗೂ ಮೀರಿ, ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದನಂತೆ. ಅದೇ ಎಣ್ಣೆಯನ್ನು ಮೈಗೆಲ್ಲ ಬಳಿಸಿಕೊಂಡು, ಸೊಂಟಕ್ಕೆ ಚಿಕ್ಕ ಬಟ್ಟೆಯನ್ನು ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಿನಲ್ಲಿ ಎತ್ತುವನು. ಆಮೇಲೆ ಕತ್ತಿ ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಸಾಧನೆಮಾಡುವನು. ತರುವಾಯ ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ. ಅದಾದಮೇಲೆ ಕುದುರೆಯನ್ನೇರಿ ಬೆಳಗಾಗುವವರೆಗೂ ಬಯಲಿನಲ್ಲಿ ಓಡಾಟ. ಅನಂತರವೇ ಸ್ನಾನ, ದೇವರಪೂಜೆ, ರಾಜ್ಯದ ಕೆಲಸ. ಒಬ್ಬ ಮನುಷ್ಯನ ಒಂದು ದಿನದ ಸಾಮನ್ನು ಹೆಜ್ಜೆ ಹೆಜ್ಜೆಯಾಗಿ ತಿಳಿಸುವ ಇಂತಹ ದಾಖಲೆ ನಮ್ಮ ದೇಶದ ಚರಿತ್ರೆಯಲ್ಲಿ ಬಹಳವಿಲ್ಲ. ಎಣ್ಣೆ, ಭಾರ, ವರಸೆ, ಜೋಡಿ, ಓಟ ಎಂಬ ಈ ಅನುಕ್ರಮವು ಈಚಿನವರೆಗೂ ನಮ್ಮ ಗರಡಿಗಳಲ್ಲಿ ಕುದುರೆಯೊಂದನ್ನು ಬಿಟ್ಟು ಹಾಗೆಯೇ ಉಳಿದುಬಂದಿತ್ತು. ಎಣ್ಣೆಯನ್ನು ಕುಡಿಯುವುದಕ್ಕೆ ಬದಲಾಗಿ ಹಾಲು, ಬಾದಾಮಿ, ತುಪ್ಪಗಳು ಬಂದವು, ಅವೂ ಇದ್ದವರಿಗೆ.

ವಿಜಯನಗರವು ಅಳಿದಮೇಲೆ ಮಹಾನವಮಿಯನ್ನು ಮುಂದುವರಿಸಿದವರು ಮೈಸೂರಿನ ಒಡೆಯರು. ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಇಪ್ಪತ್ತು ವರ್ಷಗಳ ಬಳಿಕ, ೧೬೩೦ರಲ್ಲಿ, ಜಗದೇವರಾಯನ ವಂಶದವರ ಕೈಯಲ್ಲಿದ್ದ ಚನ್ನಪಟ್ಟಣವು ಮೈಸೂರಿಗೆ ಸೇರಿತು. ದಸರೆಯ ಜಟ್ಟಿಗಳ ಕತೆಯಲ್ಲಿ ನಮ್ಮ ಸೀಮೆ ಬರಲು ಇದರಿಂದ ದಾರಿಯಾಯಿತು. ಇದಾದ ಎಂಟು ವರ್ಷಕ್ಕೆ ಪಟ್ಟವೇರಿದ ರಣಧೀರ ಕಂಠೀರವ ನರಸರಾಜ ಒಡೆಯರು (೧೬೩೮–೧೬೫೯) ಸ್ವತಃ ಮಲ್ಲರು. ಪಟ್ಟಕ್ಕೆ ಬರುವುದಕ್ಕೆ ಮುಂಚೆ ಅವರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ಯಾರೂ ಎದುರಿಸಲಾರದಿದ್ದ ಅಲ್ಲಿಯ ಜಟ್ಟಿಯನ್ನು ಸೋಲಿಸಿ, ಸನ್ಮಾನಕ್ಕೂ ನಿಲ್ಲದೆ ರಾತ್ರೋರಾತ್ರಿ ಹಿಂದಿರುಗಿದರೆಂಬ ಐತಿಹ್ಯವು ಹಳೆಯ ಮೈಸೂರಿನ ಮಕ್ಕಳೆಲ್ಲರೂ ಕೇಳಿದ್ದು. ಆ ಜಟ್ಟಿಯು ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿ, ಹೋಗಿಬರುವವರೆಲ್ಲ ಅದರ ಕೆಳಗೆ ತಲೆತಗ್ಗಿಸಿ ನಡೆಯುವಂತೆ ಮಾಡಿದ್ದನೆಂದೂ ಹೇಳುವುದುಂಟು. ಐತಿಹ್ಯದಲ್ಲಿ ಎಷ್ಟು ಭಾಗ ನಿಜವೆಂದು ಅಳೆಯುವುದು ಬೇಡ. ಅರಸನು ಹೆಸರು ಹೇಳದೆ ಗೆದ್ದು ಹೆಸರು ಹೇಳದೆ ಮರಳಿದನೆಂಬ ಭಾಗವನ್ನೇ ಜನ ಮೆಚ್ಚಿಕೊಂಡು ಉಳಿಸಿಕೊಂಡರೆಂಬುದನ್ನು ಮಾತ್ರ ಗಮನಿಸತಕ್ಕದ್ದು. ಇವರ ಆಸ್ಥಾನದ ಮಹಾನವಮಿಯನ್ನು ಗೋವಿಂದವೈದ್ಯನು ೧೬೪೮ರ ಕಂಠೀರವ ನರಸರಾಜ ವಿಜಯದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಮೈಸೂರಿನ ದಸರಾ ಕುಸ್ತಿಯಲ್ಲಿ ಗೆದ್ದವರಿಗೆ ಕೊಡುವ ಬಿರುದುಗಳಲ್ಲಿ ದಸರಾ ಕಂಠೀರವ ಎಂಬುದೂ ಒಂದಾಗಿರುವುದರಿಂದ ಅವರ ಹೆಸರು ಮಟ್ಟಿಯ ಮೇಲೆ ಇನ್ನೂ ಕೇಳಿಬರುತ್ತಿದೆ.

ಜಟ್ಟಿಗಳು ಯಾರು, ಎಲ್ಲಿಂದ ಬಂದವರು ಎಂಬ ಪ್ರಶ್ನೆಗೆ ಗುಜರಾತಿನ ಮೊಢೇರದ ಕಡೆಗೆ ಬೆರಳು ತೋರಿಸುವುದು ವಾಡಿಕೆ. ಅಲ್ಲಿಯ ಜ್ಯೇಷ್ಠಿಮಲ್ಲರ ಆಚಾರವನ್ನು ಹೇಳುವ ಮಲ್ಲಪುರಾಣವೆಂಬ ಗ್ರಂಥವು ೧೯೬೪ರಲ್ಲಿ ಬರೋಡೆಯಲ್ಲಿ ಅಚ್ಚಾಯಿತು. ಅವರ ದೇವಿಯಾದ ಲಿಂಬಜೆಯೇ ಇಲ್ಲಿಯ ಜಟ್ಟಿಗಳ ನಿಂಬಜಾದೇವಿ. ಬೇವಿನ ಮರದಲ್ಲಿ ಹುಟ್ಟಿದವಳೆಂದು ಈ ಹೆಸರಿನ ಅರ್ಥ. ಇವರ ಮನೆತನಗಳು ಮೈಸೂರು, ಚಾಮರಾಜನಗರ, ಬೆಂಗಳೂರು, ಚನ್ನಪಟ್ಟಣ ಈ ನಾಲ್ಕು ಸ್ಥಳಗಳಲ್ಲಿ ನೆಲೆಸಿದವು. ವಿಜಯದಶಮಿಯ ವಜ್ರಮುಷ್ಟಿಯ ಕಾಳಗಕ್ಕೆ ಜಟ್ಟಿಗಳು ಬರುವುದು ಈ ಊರುಗಳಿಂದಲೇ. ಬಣ್ಣದ ಬೊಂಬೆಗಳಿಂದ ಚನ್ನಪಟ್ಟಣವು ದೇಶದಲ್ಲೆಲ್ಲ ಹೆಸರು ಪಡೆದಿದೆ. ಬೊಂಬೆಯ ಊರಿನಿಂದಲೇ ವಜ್ರಮುಷ್ಟಿಯ ಜಟ್ಟಿಯೂ ಹೋಗುವನೆಂಬುದು ಹೊರಗಿನವರಲ್ಲಿ ಬಹು ಮಂದಿಗೆ ತಿಳಿಯದು.

ಹೈದರ್ ಮತ್ತು ಟಿಪ್ಪುವಿನ ಕಾಲದ ಪುಟವನ್ನು ಮುಚ್ಚಿಡುವುದು ಸರಿಯಲ್ಲ. ಸೆರೆಸಿಕ್ಕಿದ್ದ ಜೇಮ್ಸ್ ಸ್ಕರಿ ಮೊದಲಾದ ಆಂಗ್ಲರ ವೃತ್ತಾಂತಗಳಲ್ಲಿ ಜಟ್ಟಿಗಳು ಅರಸನ ಆಜ್ಞೆಯಂತೆ ಅಪರಾಧಿಗಳ ಕತ್ತನ್ನು ತಿರುಚಿ ಕೊಲ್ಲುವವರಾಗಿಯೂ ಬರುತ್ತಾರೆ. ಈ ಬರೆಹಗಳಲ್ಲಿ ಹಗೆತನದ ಬಣ್ಣ ಉಂಟೆಂಬುದು ನಿಜವೇ. ಆದರೂ ಈ ಸಂಗತಿಯು ಒಬ್ಬರ ಕಲ್ಪನೆಯೆಂದು ತಳ್ಳಿಹಾಕಲು ಬರುವಂತಿಲ್ಲ. ಕೀಲುಗಳ ನೆಲೆಯನ್ನು ಬಲ್ಲ ಕೈಯನ್ನು ಆಳುವವರು ಇಂತಹ ಕೆಲಸಕ್ಕೆ ಬಳಸಿಕೊಂಡರು. ಅದೇ ಕೈ ಕೀಲನ್ನು ಕೂಡಿಸಲೂ ಬಲ್ಲದಾಗಿತ್ತು. ೧೯೦೯ರಲ್ಲಿ ಅಚ್ಚಾದ ಥರ್ಸ್ಟನ್ನನ ದಕ್ಷಿಣ ಇಂಡಿಯದ ಜಾತಿಗಳನ್ನು ಕುರಿತ ಗ್ರಂಥದಲ್ಲಿ ಜಟ್ಟಿಗಳು ತೈಲಗಳನ್ನು ತಿಕ್ಕಿ ನರಗಳ ನೋವನ್ನು ಗುಣಪಡಿಸುವರೆಂದೂ, ತಂಜಾವೂರಿನ ಅರಸರ ಕಾಲದಲ್ಲಿ ಭಂಡಾರಕ್ಕೂ ಒಡವೆಯ ಕೋಣೆಗೂ ಕಾವಲಿದ್ದರೆಂದೂ, ಆ ಅರಸೊತ್ತಿಗೆ ಮುಗಿದಮೇಲೆ ಅವರಲ್ಲಿ ಹೆಚ್ಚು ಮಂದಿ ಮೈಸೂರು ಮೊದಲಾದ ಸಂಸ್ಥಾನಗಳಿಗೆ ಬಂದರೆಂದೂ ಹೇಳಿದೆ. ಕೊಲ್ಲುವ ಕೆಲಸ ಅರಸರೊಡನೆ ಹೋಯಿತು. ತಿಕ್ಕುವ ಕೆಲಸ ಉಳಿಯಿತು. ಉಳುಕಿದ ಕಾಲನ್ನು ಎಳೆದುಕೊಂಡು ಗರಡಿಯ ಬಾಗಿಲಿಗೆ ಹೋದ ರೈತರು ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟು ಮಂದಿ.

೧೭೯೯ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ಕಾಳಗವನ್ನು ಕಣ್ಣಾರೆ ಕಂಡವನಂತೆ ಬರೆದಿದ್ದಾನೆ. ಜಟ್ಟಿಯು ಅರ್ಧ ತೊಡೆಯವರೆಗಿನ ಕಿತ್ತಳೆಯ ಬಣ್ಣದ ಚಲ್ಲಣವನ್ನಷ್ಟೇ ತೊಟ್ಟಿರುವನು. ಬಲಗೈಯಲ್ಲಿ ಎಮ್ಮೆಯ ಕೊಂಬಿನಿಂದ ಮಾಡಿದ ಆಯುಧ. ಅದಕ್ಕೆ ಬೆರಳ ಗೆಣ್ಣುಗಳಂತೆ ನಾಲ್ಕು ಚೂಪಾದ ಗುಬುಟುಗಳು, ಕಿರುಬೆರಳ ಕಡೆಗೆ ಇನ್ನೂ ಉಬ್ಬಿದ ಐದನೆಯದು. ಇದೇ ವಜ್ರಮುಷ್ಟಿ. ಬೋಳಿಸಿದ ತಲೆಯಲ್ಲಿ ರಕ್ತ ಕಾಣಿಸಿದೊಡನೆ ಕಾಳಗ ನಿಲ್ಲುವುದು. ಆಮೇಲೆಯೇ ವಿಜಯಯಾತ್ರೆ ಹೊರಡುವುದು. ಇವು ಇಂದಿನ ದಸರೆಯಲ್ಲಿಯೂ ನಡೆದುಬಂದಿರುವ ಕ್ರಮಗಳು. ವಿಲ್ಕ್ಸನು ಬಹಳ ಓದಿದವನು, ರೋಮನರ ಮುಷ್ಟಿಕಾಳಗದ ಆಯುಧಕ್ಕೆ ಇದನ್ನು ಹೋಲಿಸಿಯೂ ಇದ್ದಾನೆ. ಆದರೆ ಆ ಕೊಂಬನ್ನು ಹಿಡಿಯುವ ಕೈ ಹಿಂದಿನ ಹನ್ನೊಂದು ತಿಂಗಳಲ್ಲಿ ಏನು ಮಾಡುತ್ತಿತ್ತೆಂಬುದನ್ನು ತಿಳಿಯಲು ಗರಡಿಯ ಒಳಗೆ ಹೋಗಬೇಕಾಗಿತ್ತು.

ಆ ಒಳಗಿನ ವಿಷಯಕ್ಕೆ ಗ್ರಂಥಗಳಿಗಿಂತ ಅನುಭವವೇ ಆಧಾರವಾಗಬೇಕಾಗಿರುವುದರಿಂದ, ನನ್ನ ಹದಿನೇಳನೆಯ ವಯಸ್ಸಿನಲ್ಲಿ ಚನ್ನಪಟ್ಟಣದ ಒಂದು ಗರಡಿಗೆ ಸೇರಿ ಎರಡು ವರ್ಷ ಸಾಮು ಮಾಡಿದವನ ಸಾಕ್ಷ್ಯವನ್ನು ವಾಚಕರು ಮನ್ನಿಸಬೇಕು. ಅದು ಜಟ್ಟಿಗಳ ಮನೆತನದ ಗರಡಿಯಲ್ಲ, ಬೀದಿಯವರ ಗರಡಿ. ಬಾಗಿಲು ಎಷ್ಟು ಗಿಡ್ಡವೆಂದರೆ ಬಗ್ಗದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಒಳಗೆ ಬೆಳಕು ಕಡಮೆ; ಗಾಳಿಯೂ ಕಡಮೆ. ನಡುವೆ ಮಟ್ಟಿ. ಕೆಮ್ಮಣ್ಣನ್ನು ಜರಡಿಹಿಡಿದು, ಮಜ್ಜಿಗೆ, ಎಳ್ಳೆಣ್ಣೆ, ಅರಿಸಿನ, ನಿಂಬೆಯ ರಸ, ಕರ್ಪೂರಗಳನ್ನು ಸೇರಿಸಿ ಹದಮಾಡಿದ ಆ ಮಣ್ಣಿನ ವಾಸನೆಯನ್ನು ಒಮ್ಮೆ ಬಲ್ಲವನು ಮರೆಯಲಾರನು.

ಮೊದಲ ತಿಂಗಳು ನನಗೆ ಕುಸ್ತಿಯ ಒಂದು ಪಟ್ಟನ್ನೂ ಕಲಿಸಲಿಲ್ಲ. ಗುದ್ದಲಿಯನ್ನು ಕೈಗೆ ಕೊಟ್ಟು ಮಟ್ಟಿಯನ್ನು ಅಗೆಯಲು ಹೇಳಿದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಅಗೆಯುವುದು, ಹೆಂಟೆಯನ್ನು ಒಡೆಯುವುದು, ಕಾಲಿನಿಂದ ಸಮಮಾಡುವುದು, ಮರುದಿನ ಮತ್ತೆ ಅಗೆಯುವುದು. ನಾನು ಒಂದು ದಿನ ಧೈರ್ಯಮಾಡಿ, “ಉಸ್ತಾದರೇ, ಜೋಡಿ ಯಾವಾಗ ಕೊಡುತ್ತೀರಿ?” ಎಂದು ಕೇಳಿದೆನು. ಅವರು ನನ್ನ ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡಿ, “ಮಣ್ಣು ಇನ್ನೂ ನಿನ್ನನ್ನು ಒಪ್ಪಿಲ್ಲ ಕಣೋ” ಎಂದು ಮಾತ್ರ ಹೇಳಿದರು. ಅಗೆತದಿಂದ ಸೊಂಟ, ಬೆನ್ನು, ಹೆಗಲು, ಮುಂಗೈಗಳು ಹೇಗೆ ಒಟ್ಟಿಗೆ ಬಲಿಯುತ್ತವೆಂಬುದು ಜೋಡಿ ಸಿಕ್ಕಮೇಲೆ ಗೊತ್ತಾಯಿತು. ಮಣ್ಣು ಮೆತ್ತಗಿರಬೇಕಾದರೆ ದಿನವೂ ಅಗೆಯಲೇಬೇಕು; ಅಗೆಯುವವನಿಗೆ ಅದೇ ಮೊದಲನೆಯ ಸಾಮು. ಬೀಳುವವನ ಎಲುಬನ್ನು ಕಾಪಾಡುವ ಕೆಲಸವೂ ಕೆಡಹುವವನ ಬಲವನ್ನು ಬೆಳಸುವ ಕೆಲಸವೂ ಒಂದೇ ಗುದ್ದಲಿಯಿಂದ ಆಗುತ್ತಿದ್ದವು. ಇದನ್ನು ಕಂಡುಹಿಡಿದ ಹಿರಿಯನು ಯಾರೋ, ಅವನ ಹೆಸರು ಉಳಿದಿಲ್ಲ.

ತರುವಾಯ ದಂಡೆ, ಬಸ್ಕಿ. ಐವತ್ತರಿಂದ ಮೊದಲಾಗಿ ನೂರು, ಇನ್ನೂರು. ಲೆಕ್ಕವನ್ನು ಗಟ್ಟಿಯಾಗಿ ಹೇಳಕೂಡದು, ಉಸಿರು ಕೆಡುವುದು. ಆಮೇಲೆ ಗದೆ, ಕಲ್ಲುಗುಂಡು. ಕಲ್ಲುಗುಂಡಿಗೆ ತೂಕವನ್ನು ಬರೆದಿರಲಿಲ್ಲ. ಯಾರು ಅದನ್ನು ಎತ್ತಿದರೆಂಬುದೇ ಅದರ ತೂಕ. ನಮ್ಮೊಡನೆ ಬೊಂಬೆ ಕಡೆಯುವವರ ಮಕ್ಕಳಿದ್ದರು. ರೇಷ್ಮೆಯ ನೂಲು ಬಿಚ್ಚುವ ಸಾಬರ ಮಕ್ಕಳಿದ್ದರು. ಜಾತ್ರೆಗೆ ಎತ್ತು ಕಟ್ಟುವ ಗೌಡರ ಮಕ್ಕಳಿದ್ದರು. ಗೂಡಿನಲ್ಲಿ ಹನುಮಂತ, ಬಾಯಲ್ಲಿ ಪಾರಸಿಯ ಮಾತು. ಉಸ್ತಾದರನ್ನು ಉಸ್ತಾದ್ ಎನ್ನದೆ ಆಚಾರ್ಯರೆನ್ನಬೇಕೆಂದು ಯಾರಿಗೂ ತೋರಲಿಲ್ಲ. ಮಟ್ಟಿಯನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದಕ್ಕೆ ಯಾವ ಮನೆಯ ಹುಡುಗನೂ ಹಿಂಜರಿಯಲಿಲ್ಲ. ಮೈಗೆ ಮಣ್ಣು ಹತ್ತಿದಮೇಲೆ ಎಲ್ಲರೂ ಒಂದೇ ಬಣ್ಣ. ಇದನ್ನು ನಾನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಗರಡಿಯ ಹೊರಗೆ ಆ ಹುಡುಗರು ತಮ್ಮ ತಮ್ಮ ಬೀದಿಗಳಿಗೇ ಹೋಗುತ್ತಿದ್ದರು. ಮದುವೆಗೆ ಕರೆದರೂ ಊಟದ ಪಂಕ್ತಿ ಬೇರೆಯಾಗಿಯೇ ಇರುತ್ತಿತ್ತು. ಹೆಂಗಸರಿಗಂತೂ ಹೊಸ್ತಿಲೊಳಗೆ ಎಡೆಯೇ ಇರಲಿಲ್ಲ. ಆದರೂ ಬೆಳಗಿನ ಎರಡು ಗಂಟೆಗಳ ಕಾಲ ಒಬ್ಬನ ಕತ್ತು ಇನ್ನೊಬ್ಬನ ಕಂಕುಳಲ್ಲಿ ಇರುವಂತಹ ಸ್ಥಳವು ಊರಿನಲ್ಲಿ ಬೇರೊಂದಿರಲಿಲ್ಲ.

ಒಂದು ಬೆಳಗ್ಗೆ ನನ್ನ ಎಡಗೈಯ ಕಿರುಬೆರಳು ಕೀಲುತಪ್ಪಿತು. ಉಸ್ತಾದರು ಬೇರೆ ಯಾರನ್ನೋ ಬೈಯುತ್ತ, ನನ್ನ ಕಡೆ ನೋಡದೆಯೇ ಬೆರಳನ್ನು ಹಿಡಿದು ಎಳೆದರು. ನೋವು ತಿಳಿಯುವುದರೊಳಗೆ ಅದು ತನ್ನ ಸ್ಥಾನಕ್ಕೆ ಹೋಗಿತ್ತು. ಥರ್ಸ್ಟನ್ನನ ಗ್ರಂಥದ ಆ ಪುಟವನ್ನು ನಾನು ಬಹಳ ವರ್ಷಗಳಾದಮೇಲೆ ಓದಿದೆನು. ಓದುವಾಗ ನೆನಪಾದದ್ದು ಈ ಬೆರಳು.

ಮಣ್ಣಿನಿಂದ ಕಬ್ಬಿಣಕ್ಕೆ ನಮ್ಮ ದೇಶವು ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ಬೆಂಗಳೂರಿನ ಕೆ. ವಿ. ಅಯ್ಯರವರನ್ನು ನೆನೆಯಬೇಕು. ಕನ್ನಡ ಓದುಗರಿಗೆ ಅವರು ಶಾಂತಲಾ ಮತ್ತು ರೂಪದರ್ಶಿ ಕಾದಂಬರಿಗಳ ಕರ್ತರು, ಕೈಲಾಸಂ ಅವರ ಆಪ್ತರು. ಆದರೆ ಕಾದಂಬರಿಗಿಂತ ಮುಂಚೆ ಅವರ ಹೆಸರು ಹಬ್ಬಿದ್ದು ಮೈಕಟ್ಟಿನಿಂದ. ಪಾಶ್ಚಾತ್ಯರ ಭಾರದ ಸರಳುಗಳನ್ನೂ ನಮ್ಮ ಸೂರ್ಯನಮಸ್ಕಾರ ಮತ್ತು ಆಸನಗಳನ್ನೂ ಕೂಡಿಸಿ ಅವರು ಒಂದು ಪದ್ಧತಿಯನ್ನು ರೂಪಿಸಿದರು. ೧೯೩೦ರಲ್ಲಿ ಇಂಗ್ಲಿಷಿನಲ್ಲಿ ಮಸಲ್ ಕಲ್ಟ್ ಎಂಬ ಪುಸ್ತಕವನ್ನು ಪ್ರಕಟಿಸಿದರು. ಅಂಚೆಯ ಮೂಲಕ ದೂರದವರಿಗೂ ಪಾಠ ಹೇಳಿದರು. ಅವರ ವ್ಯಾಯಾಮಶಾಲೆಯಲ್ಲಿ ಗಾಳಿಯಿತ್ತು, ಬೆಳಕಿತ್ತು, ಅಳತೆಯಿತ್ತು. ಎದೆಯ ಸುತ್ತಳತೆ ಇಷ್ಟು, ತೋಳಿನದು ಇಷ್ಟು ಎಂದು ಬರೆದಿಡುವ ಕ್ರಮವೇ ಒಂದು ದೊಡ್ಡ ವ್ಯತ್ಯಾಸ. ಗರಡಿಯಲ್ಲಿ ನಿನ್ನ ಬಲವನ್ನು ನಿನ್ನ ಜೋಡಿಯು ಅಳೆಯುವನು. ಇಲ್ಲಿ ದಾರವೂ ಕನ್ನಡಿಯೂ ಅಳೆಯುವುವು. ಅಯ್ಯರವರನ್ನು ಇದಕ್ಕಾಗಿ ದೂಷಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಗರಡಿಯು ಜೋಡಿಗೆ ತಕ್ಕ ಹುಡುಗರನ್ನಷ್ಟೇ ಬೆಳಸಿತು. ಗುಮಾಸ್ತರನ್ನೂ, ಬಲಹೀನರನ್ನೂ, ರೋಗದಿಂದ ಎದ್ದವರನ್ನೂ ಕರೆದು ಸಾಮು ಹೇಳಿಕೊಟ್ಟದ್ದು ಅವರ ಶಾಲೆ.

ಕುಸ್ತಿಯೂ ಮಣ್ಣನ್ನು ಬಿಟ್ಟು ಹಾಸಿನ ಮೇಲೆ ಬಂದಿತು. ೧೯೫೨ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಕಂಚಿನ ಪದಕವನ್ನು ಗೆದ್ದ ಮಹಾರಾಷ್ಟ್ರದ ಖಾಶಾಬಾ ಜಾಧವರು ಮಣ್ಣಿನಲ್ಲಿ ಬೆಳೆದವರೇ. ಆದರೆ ಅಂತರರಾಷ್ಟ್ರೀಯ ಪಂದ್ಯದಲ್ಲಿ ಮಣ್ಣಿಗೆ ಎಡೆಯಿಲ್ಲ. ಹಾಸಿನ ಮೇಲೆ ಕಾಲು ಜಾರುವ ಬಗೆ ಬೇರೆ, ಪಟ್ಟಿನ ವೇಗ ಬೇರೆ, ಅಂಕದ ಲೆಕ್ಕ ಬೇರೆ. ಬಹುಮಾನವೂ ಉದ್ಯೋಗವೂ ಆ ಕಡೆಗಿರುವಾಗ ಹುಡುಗರು ಆ ಕಡೆಗೆ ಹೋಗುವುದನ್ನು ತಪ್ಪೆನ್ನುವಂತಿಲ್ಲ. ಇತ್ತ ಹೆದ್ದಾರಿಯ ಇಕ್ಕೆಲಗಳಲ್ಲಿ ರಾಮನಗರದಿಂದ ಚನ್ನಪಟ್ಟಣದವರೆಗೆ ಕನ್ನಡಿಯ ಗೋಡೆಯ ಜಿಮ್‌ಗಳು ತೆರೆದಿವೆ. ಅಲ್ಲಿಗೆ ಹೆಣ್ಣುಮಕ್ಕಳೂ ಹೋಗುತ್ತಾರೆ. ಗರಡಿಯು ಎಂದೂ ಮಾಡದಿದ್ದ ಕೆಲಸವಿದು. ಆ ಜಿಮ್‌ಗಳ ಗೋಡೆಗಳ ಮೇಲೂ ಹನುಮಂತನ ಚಿತ್ರವನ್ನು ನಾನು ಕಂಡಿದ್ದೇನೆ. ಆತನು ಸ್ಥಳ ಬದಲಾಯಿಸಿದರೂ ಕಸುಬನ್ನು ಬಿಟ್ಟಿಲ್ಲ.

ಚನ್ನಪಟ್ಟಣದ ಜಟ್ಟಿಗಳು ಅರಮನೆಗೆ ಹೋಗಿ ಕಾದುವುದನ್ನು ಬರೆಯುವವರು ಮುಂದೆಯೂ ಇರುವರು. ಆದರೆ ಬೀದಿಯ ಗರಡಿಗಳ ವಿಷಯ ಹಾಗಲ್ಲ. ಅವುಗಳಿಗೆ ಶಾಸನವಿಲ್ಲ, ದಫ್ತರವಿಲ್ಲ. ಮಟ್ಟಿಯನ್ನು ಅಗೆಯುವ ಕೈ ನಿಂತರೆ ಒಂದು ಮಳೆಗಾಲದಲ್ಲಿ ಅದು ಸಾಧಾರಣ ನೆಲವಾಗಿಬಿಡುತ್ತದೆ. ಅದರ ಮೇಲೆ ಮಳಿಗೆ ಎದ್ದರೆ ಗುರುತೂ ಸಿಕ್ಕುವುದಿಲ್ಲ. ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರಗಳಲ್ಲಿ ಎಷ್ಟು ಗರಡಿಗಳಿದ್ದವು, ಯಾವ ಬೀದಿಯಲ್ಲಿ, ಯಾರು ಉಸ್ತಾದರು, ಮಣ್ಣಿಗೆ ಯಾವ ಯಾವ ವಸ್ತುಗಳನ್ನು ಎಷ್ಟೆಷ್ಟು ಸೇರಿಸುತ್ತಿದ್ದರು, ಉಳುಕಿಗೆ ಯಾವ ತೈಲ, ಪಟ್ಟುಗಳಿಗೆ ಯಾವ ಹೆಸರು ಎಂಬುದನ್ನು ಬಲ್ಲ ವೃದ್ಧರು ಇನ್ನೂ ನಮ್ಮ ನಡುವೆ ಇದ್ದಾರೆ. ಸಂಘದ ಸದಸ್ಯರು ತಮ್ಮ ತಮ್ಮ ಊರಿನಲ್ಲಿ ಅವರನ್ನು ಕಂಡು ಕೇಳಿ ಬರೆದುಕೊಂಡು ಪತ್ರಿಕೆಗೆ ಕಳುಹಿಸುವುದಾದರೆ, ಮೊದಲು ಪಟ್ಟುಗಳ ಹೆಸರುಗಳನ್ನು ಕೇಳಲಿ. ನನ್ನ ಉಸ್ತಾದರಿಂದ ನಾನು ಕಲಿತವು ಹನ್ನೊಂದು. ಅವರಿಗೆ ನೂರಕ್ಕೆ ಮೇಲೆ ತಿಳಿದಿದ್ದವು.